ನೂರಕ್ಕನ ಮನೆಗೆ ಹೋದ ದ್ರಾಕ್ಷಿ ಶರಬತ್ತು

ಮೊನ್ನೆ ಭಾನುವಾರ ಮಗಳ ಮನೆಗೆ ಹೋಗಿದ್ದೆ. ಬಾಗಿಲು ತೆಗೆಯುತ್ತಿದ್ದಂತೆಯೇ ಮೂಗಿಗೆ ಬಡಿದದ್ದು ಕಪ್ಪು ದ್ರಾಕ್ಷಿ ಬೇಯುವ ವಾಸನೆ. ಬೇರೆ ಯಾರಿಗಾದರೂ ಬಾಯಲ್ಲಿ ನೀರೂರುತ್ತಿತ್ತು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಅಡುಗೆಮನೆಯಿಂದ ಸಹನಾ ಕೂಗಿದಳು. "ಅಮ್ಮಾ, ಫೋನಲ್ಲಿ ನೋಡ್ಕೊಂಡು ದ್ರಾಕ್ಷಿ ಸಿರಪ್ ಮಾಡ್ತಿದೀನಿ. ಇದಕ್ಕೆ ಸಿಟ್ರಿಕ್ ಆಸಿಡ್ ಎಷ್ಟು ಹಾಕ್ಬೇಕು?"

"ಹಾಕ್ಬೇಡ" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. "ಒಂದು ಕಾಳೂ ಹಾಕ್ಬೇಡ. ನಿಂಬೆಹಣ್ಣು ಹಿಂಡು."

"ಯಾಕಮ್ಮಾ ಇಷ್ಟೊಂದು ಹೆದರ್ತೀಯ? ಎಲ್ಲರೂ ಹಾಕ್ತಾರೆ" ಎಂದು ನಕ್ಕಳು. ಅವಳು ನಗಲಿ. ಆ ಕಥೆ ನಡೆದಾಗ ಅವಳು ಇನ್ನೂ ಯುಕೆಜಿ, ಅವಳಿಗೆ ಏನೂ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಕೆಲಸವನ್ನೆಲ್ಲ ನಾನೊಬ್ಬಳೇ ವಹಿಸಿಕೊಂಡಿದ್ದೇನೆ.

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಕೂಗಿದರೆ ಬೆಚ್ಚಿಬೀಳುವವಳು. ಅಂಥವಳನ್ನು ಮದುವೆ ಮಾಡಿ ಪೀಣ್ಯಕ್ಕೆ ಕಳಿಸಿದ್ದರು. ತೊಂಬತ್ತರ ದಶಕದ ಪೀಣ್ಯವೆಂದರೆ ಬೆಳಗಿನಿಂದ ರಾತ್ರಿಯವರೆಗೆ ಒಂದಲ್ಲ ಒಂದು ಸೈರನ್ನು, ಒಂದಲ್ಲ ಒಂದು ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವ ಕಿರ್ರೆನ್ನುವ ಸದ್ದು. ನಮ್ಮ ಬಾಡಿಗೆ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಕಬ್ಬಿಣ ಕಡೆಯುವ ಒಂದು ಲೇತ್ ಶೆಡ್ ಇತ್ತು. ಒಣಹಾಕಿದ ಬಟ್ಟೆಗೂ ಎಣ್ಣೆಯ ವಾಸನೆ ಹತ್ತಿಕೊಳ್ಳುತ್ತಿತ್ತು. ನಮ್ಮವರು ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯ ಪ್ಲೇಟಿಂಗ್ ಸೆಕ್ಷನ್ನಿನಲ್ಲಿದ್ದರು. ಕಬ್ಬಿಣದ, ಸ್ಟೀಲಿನ ಭಾಗಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಅದ್ದಿ, ತುಕ್ಕು ತೆಗೆದು, ಹೊಳಪು ಕೊಡುವ ಕೆಲಸ ಅವರದು.

ಅಲ್ಲಿನ ಮನೆಗಳಲ್ಲಿ ಅರ್ಧ ಸಂಸಾರ ಕಾರ್ಖಾನೆಯಿಂದಲೇ ನಡೆಯುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಒಲೆ ಒರೆಸಲು ಅಲ್ಲಿಯ ಬನಿಯನ್ ವೇಸ್ಟು, ಕಾವಲಿ ಉಜ್ಜಲು ಅಲ್ಲಿಯ ಎಮರಿ ಪೇಪರು, ರೊಟ್ಟಿ ತಟ್ಟಲು ಅಲ್ಲಿಯ ಸ್ಟೀಲ್ ಹಾಳೆಯ ತುಂಡು, ಮಕ್ಕಳ ಆಟದ ಗಾಡಿಗೆ ಅಲ್ಲಿಯ ಹಳೆ ಬೇರಿಂಗು. ಇದನ್ನು ಯಾರೂ ಕದ್ದದ್ದು ಎನ್ನುತ್ತಿರಲಿಲ್ಲ, "ತಂದದ್ದು" ಎನ್ನುತ್ತಿದ್ದರು. ಗೇಟಿನ ಸೆಕ್ಯುರಿಟಿಯವರು ಕಂಡೂ ಕಾಣದಂತಿರುತ್ತಿದ್ದರು. ಅವರ ಮನೆಯ ರೊಟ್ಟಿಯೂ ಅದೇ ಸ್ಟೀಲಿನ ಮೇಲೆ ತಟ್ಟಿದ್ದು.

ದ್ರಾಕ್ಷಿ ಕಾಲ ಬಂತೆಂದರೆ ದಾವಣಗೆರೆಯಿಂದ ನಮ್ಮತ್ತೆ ಬಂದಿಳಿಯುತ್ತಿದ್ದರು. ಶಿವರಾತ್ರಿಗೆ ಸ್ವಲ್ಪ ಮುಂಚೆ ದೊಡ್ಡಬಳ್ಳಾಪುರದ ಕಡೆಯ ದುಂಡು ಕಪ್ಪು ದ್ರಾಕ್ಷಿ ತಳ್ಳುಗಾಡಿಗಳಲ್ಲಿ ರಾಶಿ ಬೀಳುತ್ತಿತ್ತು. ಅತ್ತೆಗೆ ಆ ಹಣ್ಣಿನ ಮೇಲೆ ವಿಪರೀತ ಮೋಹ. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತರೆ ನನ್ನನ್ನು ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ದ್ರಾಕ್ಷಿ ಬಿಡಿಸಿ ತೊಳೆದು, ಸಿಪ್ಪೆ ಒಡೆಯುವವರೆಗೆ ಬೇಯಿಸಿ, ಆರಿದ ಮೇಲೆ ಕಿವುಚಿ, ಹಳೆ ಪಂಚೆಯ ಬಟ್ಟೆಯಲ್ಲಿ ಸೋಸುವುದು. ಆ ರಸಕ್ಕೆ ಸಕ್ಕರೆ ಹಾಕಿ ಎಳೆ ಪಾಕ ಬರುವವರೆಗೆ ಕುದಿಸುವುದು. ಕೊನೆಗೆ ಒಂದಿಷ್ಟು ನಿಂಬೆ ಉಪ್ಪು, ಅಂದರೆ ಸಹನಾ ಕೇಳಿದ ಅದೇ ಸಿಟ್ರಿಕ್ ಆಸಿಡ್. ಅದು ಬಿದ್ದೊಡನೆ ಮಂಕಾಗಿದ್ದ ರಸ ಕೆಂಪಗೆ ಹೊಳೆದು ನಿಲ್ಲುತ್ತಿತ್ತು. ಪಾಕ ಸಕ್ಕರೆ ಕಟ್ಟುತ್ತಿರಲಿಲ್ಲ, ಬೇಸಿಗೆ ಮುಗಿಯುವವರೆಗೆ ಕೆಡುತ್ತಿರಲಿಲ್ಲ. ಹೂಜಿಯ ನೀರಿಗೆ ಎರಡು ಚಮಚ ಬೆರೆಸಿಕೊಂಡರೆ ಬಿಸಿಲಿನಿಂದ ಬಂದವರ ಜೀವ ತಣ್ಣಗಾಗುತ್ತಿತ್ತು.

ಆ ವರ್ಷ ಪಾಕ ಒಲೆಯ ಮೇಲಿರಿಸಿದ ಮೇಲೆ ಗೊತ್ತಾಯಿತು, ಅತ್ತೆ ಊರಿನಿಂದ ನಿಂಬೆ ಉಪ್ಪಿನ ಪೊಟ್ಟಣ ತರುವುದನ್ನೇ ಮರೆತಿದ್ದಾರೆ. ನಮ್ಮ ಬೀದಿಯ ಅಂಗಡಿಯಲ್ಲೂ ಇರಲಿಲ್ಲ. ನಮ್ಮವರು ಶಿಫ್ಟಿಗೆ ಹೊರಡುತ್ತಿದ್ದವರು ನಕ್ಕುಬಿಟ್ಟರು.

"ಅಷ್ಟಕ್ಕೆ ಯಾಕಮ್ಮಾ ತಲೆ ಕೆಡಿಸ್ಕೊಂತೀಯ? ನಮ್ಮ ಸೆಕ್ಷನ್ನಲ್ಲಿ ಸ್ಟೀಲ್ ತೊಳೆಯಕ್ಕೆ ಅಂತ ಡ್ರಮ್ಮುಗಟ್ಟಲೆ ಇದೆ. ಅಂಗಡೀಲಿ ಸಿಗೋದೂ ಅದೇ, ಇದೂ ಅದೇ."

"ಶುದ್ಧ ಇರ್ತತೇನಪ್ಪಾ?"

"ಅಂಗಡಿಯವನದ್ದಕ್ಕಿಂತ ಶುದ್ಧ."

ಅತ್ತೆ ಪಾಕವನ್ನು ಇಳಿಸಿ ಮುಚ್ಚಿಟ್ಟರು. ಶಿಫ್ಟ್ ಮುಗಿಸಿ ಬಂದಾಗ ನಮ್ಮವರು ಬ್ರೆಡ್ಡಿನ ಕವರಿನಲ್ಲಿ ಬಿಳಿ ಹರಳು ತಂದುಕೊಟ್ಟರು. ಅತ್ತೆ ಬೆರಳ ತುದಿಗೆ ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದರು. "ಅಬ್ಬಾ, ಭಾಳ ಕಡಕ್ ಐತಲ್ಲೋ ಹುಳಿ. ಕಮ್ಮಿ ಹಾಕಿದ್ರೆ ಸಾಕು" ಎಂದು ಎಂದಿನ ಲೆಕ್ಕಕ್ಕಿಂತ ಕಡಿಮೆಯೇ ಹಾಕಿ, ಉಳಿದದ್ದನ್ನು ಬಚ್ಚಲು ತೊಳೆಯಲು ಸುರಿದು ಖರ್ಚು ಮಾಡಿದರು. ಶರಬತ್ತು ಎಂದಿನಂತೆ ಕೆಂಪಗೆ ಹೊಳೆಯಿತು. ಬಾಟಲಿಗಳು ಅಡುಗೆಮನೆಯ ಅಟ್ಟ ಸೇರಿದವು. ಒಂದನ್ನು ಮಾತ್ರ ತೆರೆದು ದಿನದ ಬಳಕೆಗೆ ಕೆಳಗಿಟ್ಟೆವು. ಸಹನಾ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ಲೋಟ ಹಿಡಿಯುತ್ತಿದ್ದಳು.

ನಮ್ಮ ಹಿಂದಿನ ಬೀದಿಯಲ್ಲಿ ನೂರಕ್ಕನ ಮನೆ. ನೂರ್ ಜಾನ್ ಅವಳ ಹೆಸರು. ಅವಳ ಗಂಡ ಬಾಷಾ ಅಣ್ಣ ನಮ್ಮ ಮನೆಯ ಹಿಂದಿನ ಲೇತ್ ಶೆಡ್ಡಿನಲ್ಲಿ ಯಂತ್ರ ನಡೆಸುವ ಟರ್ನರ್. ಅವಳು ನನ್ನ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದಳು, ಹೊಲಿಯುತ್ತಲೇ ನನ್ನ ಪುಕ್ಕಲುತನವನ್ನು ಆಡಿಕೊಳ್ಳುತ್ತಿದ್ದಳು. ಅತ್ತೆಗೆ ಅವಳೆಂದರೆ ಇಷ್ಟ, ಯಾಕೆಂದರೆ ಅವರ ಶರಬತ್ತನ್ನು ಅವಳಷ್ಟು ಹೊಗಳಿ ಕುಡಿದವರಿಲ್ಲ. ಆ ವರ್ಷಗಳಲ್ಲಿ ರಂಜಾನ್ ತಿಂಗಳು ದ್ರಾಕ್ಷಿ ಕಾಲದಲ್ಲೇ ಬೀಳುತ್ತಿತ್ತು. ಊರಿನ ಗಾಳಿ ಸರಿಯಿಲ್ಲದ ವರ್ಷಗಳೂ ಅವೇ. ಕರ್ಫ್ಯೂ ಎಂದರೇನೆಂದು ಆಗಷ್ಟೇ ನೋಡಿದ್ದೆವು. ಪೀಣ್ಯದಲ್ಲಿ ಏನೂ ಆಗಿರಲಿಲ್ಲ, ಆದರೆ ಬೀದಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು. ಅತ್ತೆ ಇದನ್ನೆಲ್ಲ ತಲೆಗೆ ಹಾಕಿಕೊಳ್ಳುವವರಲ್ಲ. ಒಂದು ಬೆಳಿಗ್ಗೆ ನೂರಕ್ಕನನ್ನು ಕರೆದು ತುಂಬಿದ ಬಾಟಲಿ ಕೈಗಿತ್ತರು. "ದಿನಾ ಉಪಾಸ ಇರ್ತೀಯವ್ವಾ, ಸಂಜಿಕೆ ಇದನ್ನ ಕುಡಿ. ತಂಪಾಗ್ತತಿ" ಎಂದರು.

ಅದೇ ದಿನ ನಮ್ಮವರು ಫಸ್ಟ್ ಶಿಫ್ಟ್ ಮುಗಿಸಿ ಬರುವಾಗ ಎಂದಿಗಿಂತ ತಡವಾಗಿ ಸಂಜೆ ಐದು ದಾಟಿತ್ತು. ದಿನಾ ಹೊರಗೆ ಶೂ ಬಿಚ್ಚಿ, ಕೈಕಾಲು ತೊಳೆದೇ ಒಳಗೆ ಬರುವ ಮನುಷ್ಯ ಅಂದು ಶೂ ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದರು. ಸಹನಾ ಲೋಟ ಬಾಯಿಗಿಟ್ಟಿದ್ದಳು. ಅದನ್ನು ಕಿತ್ತು ಮೋರಿಗೆ ಎಸೆದರು. ಮಗು ಹೆದರಿ ಅಳತೊಡಗಿತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇದನ್ನ ಯಾರೂ ಮುಟ್ಬೇಡಿ" ಎಂದರು. "ಅದು ನಿಂಬೆ ಉಪ್ಪಲ್ಲ."

ಬಿಟ್ಟು ಬಿಟ್ಟು ಹೇಳಿದ್ದನ್ನು ನಾನು ಜೋಡಿಸಿಕೊಂಡದ್ದು ಇಷ್ಟು. ಸೆಕ್ಷನ್ನಿನಲ್ಲಿ ತುಕ್ಕು ತೆಗೆಯಲು ಆಕ್ಸಾಲಿಕ್ ಆಸಿಡ್ ಎಂಬ ಇನ್ನೊಂದು ಬಿಳಿ ಹರಳು ಇರುತ್ತಿತ್ತು. ಅದು ವಿಷ. ಅದರ ಡ್ರಮ್ಮು ತೂತುಬಿದ್ದಿತ್ತೆಂದು ಯಾರೋ ಅದನ್ನು ನಿಂಬೆ ಉಪ್ಪಿನ ಖಾಲಿ ಡ್ರಮ್ಮಿಗೆ ಸುರಿದಿದ್ದಾರೆ, ಹೊರಗಿನ ಚೀಟಿ ಬದಲಿಸಿಲ್ಲ. ಅಂದು ಮಾಲು ಕೆಟ್ಟು, ಶಿಫ್ಟ್ ಮುಗಿದ ಮೇಲೂ ಎಲ್ಲರನ್ನೂ ನಿಲ್ಲಿಸಿಕೊಂಡು ಸಾಹೇಬರು ಕೂಗಾಡಿದಾಗ ವಿಷಯ ಹೊರಬಿದ್ದಿದೆ. ಇವರು ಹರಳು ತಂದದ್ದು ಡ್ರಮ್ಮು ಬದಲಾದ ಮೇಲೋ ಮೊದಲೋ ಯಾರಿಗೂ ಖಚಿತವಿಲ್ಲ.

ಒಂದು ವಾರದಿಂದ ಸಹನಾ ಹೊಟ್ಟೆನೋವು ಎನ್ನುತ್ತಿದ್ದಳು. ಶಾಲೆಯ ಗೇಟಿನಲ್ಲಿ ಹುಣಿಸೆ ಚಿಗಳಿ ತಿಂದಿದ್ದಕ್ಕೆ ಎಂದು ನಾನೇ ಗದರಿದ್ದೆ.

"ಏನ್ರೀ ಆಗುತ್ತೆ ಅವಳಿಗೆ?"

"ಕಿಡ್ನಿ" ಎಂದರು. ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ.

ಅತ್ತೆ ಗೋಡೆ ಹಿಡಿದು ನೆಲಕ್ಕೆ ಕುಳಿತರು. ಕುಳಿತ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ನೂರಿ ಮನಿಗೆ ಕೊಟ್ಟೀನಲ್ಲೋ."

ಮಗುವನ್ನು ಡಾಕ್ಟರ ಹತ್ತಿರ ಒಯ್ಯಬೇಕಿತ್ತು. ಬಾಟಲಿಯನ್ನು ಉಪವಾಸ ಬಿಡುವ ಹೊತ್ತಿನೊಳಗೆ ಹಿಂದಕ್ಕೆ ತರಬೇಕಿತ್ತು. ಹರಳು ಯಾವುದೆಂದು ಡಾಕ್ಟರಿಗೆ ಹೇಳಬಲ್ಲವರು ನಮ್ಮವರೊಬ್ಬರೇ. ಹಾಗಾಗಿ ಬಾಟಲಿ ನನ್ನ ಪಾಲಿಗೆ ಬಂತು. ಸಹನಾ ಸ್ಕೂಟರಿನ ಮುಂದೆ ನಿಂತು "ಅಮ್ಮಾ ನೀನೂ ಬಾ" ಎಂದು ಕೈ ಚಾಚುತ್ತಿದ್ದಳು. ಆ ಕೈ ಬಿಟ್ಟು ಬೇರೆ ಕಡೆಗೆ ಹೋಗುವ ಧೈರ್ಯ ನನ್ನಲ್ಲಿರಲಿಲ್ಲ. ಧೈರ್ಯವಿಲ್ಲದೆಯೇ ಹೋದೆ.

ಸ್ಕೂಟರ್ ಒದೆಯುವ ಮುಂಚೆ ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಕಾರ್ಖಾನೆ ಮಾತು ಎತ್ಬೇಡ ಕಣೇ. ಮಾಲು ಹೊರಗೆ ತಂದಿದ್ದು ಗೊತ್ತಾದ್ರೆ ಕೆಲಸ ಹೋಗುತ್ತೆ. ಹುಳಿ ಬಂದಿದೆ ಅಂತ ಹೇಳಿ ವಾಪಸ್ ಇಸ್ಕೊಂಬಾ. ಅಷ್ಟೇ."

ನೂರಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಉಪವಾಸದ ಒಣ ತುಟಿಯಲ್ಲೇ ನಕ್ಕು, "ಏನ್ ಸಹನಾ ಅಮ್ಮ, ಯಾರ್ ಅಟ್ಟಿಸ್ಕೊಂಡ್ ಬಂದ್ರು?" ಎಂದಳು.

"ಬೆಳಿಗ್ಗೆ ಕೊಟ್ಟ ಬಾಟಲಿ ವಾಪಸ್ ಕೊಡಿ ನೂರಕ್ಕ. ಅದು ಹುಳಿ ಬಂದಿದೆ."

"ಅಯ್ಯೋ, ಅದು ಮನೇಲಿ ಎಲ್ಲಿದೆ? ಇವತ್ತು ಮಸೀದಿಗೆ ಇಫ್ತಾರ್ ಕಳ್ಸೋದು ನಮ್ಮನೆ ಸರದಿ. ಇವ್ರು ಐಸ್ ತಗೊಂಡು, ಬಾಟಲಿ ತಗೊಂಡು ಆಗ್ಲೇ ಹೋದ್ರು. ಎಲ್ಲಾರೂ ಕುಡೀಲಿ ಅಂತ ನಾನೇ ಕಳ್ಸಿದ್ದು."

ಮಸೀದಿ ಎಂದರೆ ಶೆಡ್ಡುಗಳ ನಡುವೆ ಶೀಟು ಹೊದಿಸಿದ ಒಂದು ಚಿಕ್ಕ ಕಟ್ಟಡ. ಸುತ್ತಲಿನ ವರ್ಕ್‌ಶಾಪುಗಳ ಹುಡುಗರು, ಮುದುಕರು ಸಂಜೆ ಅಲ್ಲೇ ಉಪವಾಸ ಬಿಡುತ್ತಿದ್ದರು. ದಿನವಿಡೀ ಹನಿ ನೀರೂ ಇಳಿಯದ ಹೊಟ್ಟೆಗಳು. ಅದರೊಳಗೆ ಮೊದಲು ಬೀಳುವುದು ನಮ್ಮ ಮನೆಯ ಶರಬತ್ತು. ಏನಾದರೂ ಆದರೆ ಯಾರ ಮನೆಯಿಂದ ಬಂತು ಎಂದು ಕೇಳುತ್ತಾರೆ. ಅತ್ತೆಯ ಹಣೆಯ ವಿಭೂತಿ ನೋಡುತ್ತಾರೆ. ಬೇಕೆಂದು ಮಾಡಿದ್ದಲ್ಲ ಎಂದರೆ ಆ ವರ್ಷ ಯಾರು ನಂಬುತ್ತಿದ್ದರು? ಆಮೇಲೆ ಈ ಕಡೆಯವರು ಸುಮ್ಮನಿರುತ್ತಾರೆಯೇ? ನನ್ನ ಪುಕ್ಕಲು ತಲೆ ಒಂದು ಬಾಟಲಿಯಿಂದ ಹೊರಟು ಇಡೀ ಪೀಣ್ಯವನ್ನೇ ಸುಟ್ಟು ಮುಗಿಸಿತ್ತು.

"ಹುಳಿ ಬಂದಿದೆ ನೂರಕ್ಕ, ಕುಡೀಬಾರ್ದು" ಎಂದೆ ಮತ್ತೆ.

"ಹುಳಿ ಬಂದ್ರೆ ಏನಾಯ್ತು ಬಿಡಿ. ಸಕ್ಕರೆ ಜಾಸ್ತಿ ಹಾಕ್ಕೊಂಡು ಕುಡೀತಾರೆ" ಎಂದು ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ಗಂಡ ಕಲಿಸಿಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ ಹೇಳಿಬಿಟ್ಟೆ. ಡ್ರಮ್ಮು, ಹರಳು, ಸಹನಾಳ ಹೊಟ್ಟೆನೋವು, ಕೆಲಸ ಹೋಗುವ ಭಯ, ಎಲ್ಲವನ್ನೂ. ನೂರಕ್ಕನ ನಗು ಮುಖದಿಂದ ಇಳಿಯುತ್ತಾ ಹೋದದ್ದನ್ನು ನೋಡಿದೆ. ಅವಳು ಬೈಯುತ್ತಾಳೆಂದುಕೊಂಡೆ. ಅವಳು ಎದ್ದು ಬುರ್ಖಾ ಎಳೆದುಕೊಂಡು, ಬಾಗಿಲು ಹಾಕದೆ ಓಡಿದಳು.

ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಲಾರಿಗಳ ಸಾಲು, ಕಬ್ಬಿಣದ ಪುಡಿಯಿಂದ ಕಪ್ಪಾದ ಮಣ್ಣು, ಶೆಡ್ಡುಗಳ ಹಿಂದೆ ಕೆಳಗಿಳಿಯುತ್ತಿರುವ ಸೂರ್ಯ. ಯಾವುದೋ ಕಾರ್ಖಾನೆಯ ಸೈರನ್ನು ಕೂಗಿತು. ಅದನ್ನೇ ಉಪವಾಸ ಬಿಡುವ ಹೊತ್ತಿನ ಅಜಾನ್ ಎಂದು ತಿಳಿದು ನಾನು ನಡುರಸ್ತೆಯಲ್ಲಿ "ಅಯ್ಯೋ" ಎಂದು ಕಿರುಚಿದೆ. ನೂರಕ್ಕ ತಿರುಗಿಯೂ ನೋಡಲಿಲ್ಲ. ಹನಿ ನೀರು ಕುಡಿಯದವಳು ನನಗಿಂತ ಮುಂದೆ ಓಡುತ್ತಿದ್ದಳು.

ಮಸೀದಿಯ ಅಂಗಳದಲ್ಲಿ ಜನ ಆಗಲೇ ಸಾಲಾಗಿ ಕುಳಿತಿದ್ದರು. ಖರ್ಜೂರ, ಹೆಚ್ಚಿದ ಹಣ್ಣು, ಸ್ಟೀಲ್ ಲೋಟಗಳು. ನಡುವೆ ಒಂದು ದೊಡ್ಡ ಪಾತ್ರೆಯ ತುಂಬ ಕೆಂಪು ಶರಬತ್ತು, ಮೇಲೆ ತೇಲುವ ಐಸು. ಬಾಷಾ ಅಣ್ಣ ಸೌಟಿನಿಂದ ಲೋಟಗಳಿಗೆ ತುಂಬುತ್ತಿದ್ದ. ಕೆಲವರ ಕೈಯಲ್ಲಿ ಆಗಲೇ ಲೋಟವಿತ್ತು. ನೂರಕ್ಕ ಗೇಟಿನ ಹೊರಗೇ ನಿಂತು, ಒಳಗಿನವರೆಲ್ಲ ತಿರುಗುವಂತೆ ಗಂಡನನ್ನು ಕೂಗಿದಳು. ಅವನು ಹತ್ತಿರ ಬಂದಾಗ ಉರ್ದುವಿನಲ್ಲಿ ಏನೋ ಹೇಳಿದಳು. ನನಗೆ ಅರ್ಥವಾದದ್ದು ಹಲ್ಲಿ ಎಂಬ ಒಂದೇ ಮಾತು, ಅದೂ ಅವಳು ಬೆರಳಿನಲ್ಲಿ ತೋರಿಸಿದ್ದರಿಂದ.

ಬಾಷಾ ಅಣ್ಣನ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಹಿರಿಯರ ಮುಂದೆ ತಲೆತಗ್ಗಿಸಿ, ಕನ್ನಡ ಉರ್ದು ಬೆರೆಸಿ, ತಮ್ಮ ಮನೆಯಲ್ಲೇ ಶರಬತ್ತಿಗೆ ಹಲ್ಲಿ ಬಿದ್ದಿತ್ತಂತೆ, ಹೆಂಡತಿ ಈಗ ನೋಡಿದಳಂತೆ ಎಂದು ಹೇಳಿದ. ಗುಜುಗುಜು ಎದ್ದಿತು. ಯಾರೋ ಛೀ ಎಂದರು. ಮುದುಕರೊಬ್ಬರು "ಮನೆ ಹೆಂಗಸರು ನೋಡ್ಕೋಬಾರ್ದೇನಪ್ಪಾ" ಎಂದು ನನಗೂ ಕೇಳುವಂತೆ ಕನ್ನಡದಲ್ಲೇ ಗೊಣಗಿದರು. ಲೋಟಗಳೆಲ್ಲ ಪಾತ್ರೆಗೆ ಖಾಲಿಯಾದವು, ಪಾತ್ರೆ ಚರಂಡಿಗೆ ಖಾಲಿಯಾಯಿತು. ಕೆಂಪು ನೀರು ಐಸಿನ ತುಂಡುಗಳನ್ನು ಹೊತ್ತುಕೊಂಡು ನಮ್ಮ ಕಾಲ ಬಳಿಯೇ ಹರಿದುಹೋಯಿತು. ಅದು ಹರಿದು ಮುಗಿಯುವ ಮೊದಲೇ ಅಜಾನ್ ಆಯಿತು. ಅವರೆಲ್ಲ ಖರ್ಜೂರ ತಿಂದು ನಲ್ಲಿಯ ನೀರು ಕುಡಿದರು.

ನಾನು ಗೇಟಿನ ಕಂಬ ಹಿಡಿದು ಅತ್ತುಬಿಟ್ಟೆ. ನೂರಕ್ಕನ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ರೋಜಾ ಉಪವಾಸದಲ್ಲಿ ನನ್ ಕೈಲಿ ಸುಳ್ಳು ಹೇಳಿಸ್ಬಿಟ್ರಿ ನೀವು" ಎಂದಳು. "ಹೋಗಿ, ಮಗು ನೋಡ್ಕೊಳ್ಳಿ."

ಮನೆಗೆ ಬಂದರೆ ಸಹನಾ ಅತ್ತೆಯ ತೊಡೆಯ ಮೇಲಿದ್ದಳು. ಡಾಕ್ಟರು ಹಾಲು ಕುಡಿಸಿ, ನೀರು ಕುಡಿಸಿ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ನೋಡಿ, ಇಲ್ಲವಾದರೆ ದೊಡ್ಡಾಸ್ಪತ್ರೆಗೆ ಓಡಿ ಎಂದಿದ್ದರು. ನಮ್ಮವರು ಬ್ರೆಡ್ಡಿನ ಕವರಿನ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಕೆಲವು ಹರಳುಗಳನ್ನು ಕೊಡವಿ ನೀರಿನಲ್ಲಿ ಕರಗಿಸಿದ್ದರು. ಅತ್ತೆಯ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಕದಡಿ, ಅದರ ತಿಳಿಯನ್ನು ನನ್ನ ಎದುರಿಗೇ ಅದಕ್ಕೆ ಹನಿಸಿದರು. ನಿಂಬೆ ಉಪ್ಪಾದರೆ ನೀರು ತಿಳಿಯಾಗಿಯೇ ಇರುತ್ತದೆ ಎಂದು ಮೊದಲೇ ಹೇಳಿದ್ದರು. ನೀರು ಹಾಲಿನಂತೆ ಬೆಳ್ಳಗಾಯಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಅಟ್ಟದ ಬಾಟಲಿಗಳೆಲ್ಲ ಅಂದೇ ಬಚ್ಚಲು ಸೇರಿದವು.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಮಗಳು ಬಚ್ಚಲಿಗೆ ಹೋದರೆ ಹಿಂದೆಯೇ ಹೋಗಿ ನಿಲ್ಲುತ್ತಿದ್ದೆ. "ಅಮ್ಮಾ, ನೋಡ್ಬೇಡ, ನಾಚಿಕೆ" ಎನ್ನುತ್ತಿತ್ತು ಮಗು. ಆ ಸಣ್ಣ ಸದ್ದು ಕಿವಿಗೆ ಬಿದ್ದರೆ ನನ್ನ ಉಸಿರು ಇಳಿಯುತ್ತಿತ್ತು. ಬೆಳಿಗ್ಗೆ ಅವಳ ಕಣ್ಣ ಕೆಳಗೆ ಊದಿದೆಯೇ ಎಂದು ನೋಡುವುದು, ಪಾದ ಒತ್ತಿ ನೋಡುವುದು. ಹೊಟ್ಟೆನೋವು ತಾನಾಗಿಯೇ ಕಡಿಮೆಯಾಯಿತು, ಅವಳು ಮತ್ತೆ ಚಿಗಳಿಗೆ ಹಟಮಾಡತೊಡಗಿದಳು. ಅತ್ತೆಯ ನಾಲಿಗೆ ಆ ಹುಳಿಗೆ ಹೆದರಿ ಕಡಿಮೆ ಹಾಕಿದ್ದೇ ನಮ್ಮನ್ನು ಉಳಿಸಿತು ಎಂದು ನಮ್ಮವರು ಹೇಳುತ್ತಿದ್ದರು. ಅವರಂತೂ ಆಮೇಲೆ ಕಾರ್ಖಾನೆಯಿಂದ ಒಂದು ಚೂರು ಬನಿಯನ್ ವೇಸ್ಟನ್ನೂ ತರಲಿಲ್ಲ.

ಕೆಲಸ ಉಳಿಯಿತು. ಆದರೆ ನೂರಕ್ಕ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ನಾನು ಹೊಲಿಸಲು ಕೊಟ್ಟಿದ್ದ ರವಿಕೆಗಳನ್ನು ಬಾಷಾ ಅಣ್ಣನ ಕೈಯಲ್ಲಿ ಕಳಿಸಿದಳು. ಹಾಲಿನ ಬೂತಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಆ ಬೀದಿಯಲ್ಲಿ ಅವಳ ಮನೆಗೆ ಹಲ್ಲಿ ಮನೆ ಎಂದು ಹೆಸರು ಬಿದ್ದಿತ್ತಂತೆ. ಶೆಡ್ಡಿನಲ್ಲಿ ಹುಡುಗರು ಬಾಷಾ ಅಣ್ಣನ ಊಟದ ಡಬ್ಬಿ ನೋಡಿ "ಹಲ್ಲಿ ಇದ್ಯಾ ಭಾಯ್" ಎಂದು ರೇಗಿಸುವುದು ನಮ್ಮ ಹಿಂಗೋಡೆಯ ಆಚೆಯಿಂದ ನನಗೇ ಕೇಳಿಸುತ್ತಿತ್ತು. ನಿಜ ಗೊತ್ತಿದ್ದವರು ಅವಳು ಮತ್ತು ನಾವು ಮಾತ್ರ. ಅವಳು ಗಂಡನಿಗೂ ಹೇಳಿರಲಿಲ್ಲ. ಇವತ್ತಲ್ಲ ನಾಳೆ ಸಿಟ್ಟಿನಲ್ಲಿ ಹೇಳಿಯೇಬಿಡುತ್ತಾಳೆ ಎಂದು ನಾನು ವರ್ಷವಿಡೀ ಹೆದರಿದೆ. ಅವಳು ಹೇಳಲಿಲ್ಲ.

ಮುಂದಿನ ದ್ರಾಕ್ಷಿ ಕಾಲ ಬಂತು, ರಂಜಾನೂ ಬಂತು. ಅತ್ತೆ ಬಂದಿದ್ದರು, ಆದರೆ ದ್ರಾಕ್ಷಿಯ ಗಾಡಿ ಕಂಡರೆ ಒಳಗೆ ಬಂದು ಕೂರುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನೂರಕ್ಕ. ಒಂದು ಕೈಯಲ್ಲಿ ನಮ್ಮದೇ ಬಾಟಲಿ, ತೊಳೆದು ಒಣಗಿಸಿದ್ದು. ಇನ್ನೊಂದು ಕೈಯಲ್ಲಿ ಸೆರಗಿನ ಗಂಟು. ಗಂಟನ್ನು ಅತ್ತೆಯ ಮುಂದೆ ಬಿಚ್ಚಿದಳು. ನಿಂಬೆಹಣ್ಣುಗಳು ನೆಲದ ಮೇಲೆ ಉರುಳಿದವು.

"ಇವತ್ತು ಮಸೀದಿಗೆ ನಮ್ಮನೆ ಸರದಿ" ಎಂದಳು. "ಶರಬತ್ ಮಾಡ್ಕೊಡಿ ಅಜ್ಜಿ."

ಅತ್ತೆ ಆ ಹಣ್ಣುಗಳನ್ನೇ ನೋಡುತ್ತಾ ಕುಳಿತರು. "ನನ್ನ ಕೈ ನಡುಗ್ತತಿ ಕಣವ್ವಾ" ಎಂದರು.

"ನಡುಗ್ಲಿ. ನಾನ್ ಹಿಂಡ್ತೀನಿ."

ನಾನು ಹೋಗಿ ಗಾಡಿಯಿಂದ ದ್ರಾಕ್ಷಿ ತಂದೆ. ಅಂದು ನಮ್ಮ ಅಡುಗೆಮನೆಯ ನಾಲ್ಕು ಗೋಡೆಗೂ ದ್ರಾಕ್ಷಿಯ ವಾಸನೆ ಹತ್ತಿತು. ನೂರಕ್ಕ ಉಪವಾಸದಲ್ಲಿದ್ದುಕೊಂಡೇ ಬೀಜ ತೆಗೆದು ನಿಂಬೆಹಣ್ಣು ಹಿಂಡಿದಳು. ಒಮ್ಮೆಯೂ ಹಳೆಯ ಮಾತು ಎತ್ತಲಿಲ್ಲ. ಪಾಕ ಆರಿಸಿ, ಬಾಷಾ ಅಣ್ಣನ ಕೈಯಲ್ಲಿ ಮಸೀದಿಗೆ ಕಳಿಸಿ, ಸ್ವಲ್ಪವನ್ನು ನಮ್ಮ ಹೂಜಿಯ ನೀರಿಗೆ ಬೆರೆಸಿಟ್ಟುಕೊಂಡು ಅವಳು ನಮ್ಮಲ್ಲೇ ಉಳಿದಳು. ಹೊತ್ತು ಇಳಿಯುತ್ತಿದ್ದಂತೆ ನನಗೆ ಹಿಂದಿನ ವರ್ಷದ ಅದೇ ಹೆದರಿಕೆ ಶುರುವಾಯಿತು. ನಿಂಬೆಹಣ್ಣೇ, ನನ್ನ ಕಣ್ಣೆದುರೇ ಹಿಂಡಿದ್ದೇ. ಆದರೂ ಹೆದರಿಕೆ.

ದೂರದಿಂದ ಅಜಾನ್ ಕೇಳಿಸಿತು. ಅವಳು ಖರ್ಜೂರ ಬಾಯಿಗಿಟ್ಟು ಲೋಟ ಎತ್ತಿಕೊಂಡಳು. ನಾನು ತಡೆಯಲಾರದೆ ಕೈ ಚಾಚಿದೆ. "ತಾಳಿ ನೂರಕ್ಕ, ಮೊದ್ಲು ನಾನು ಕುಡಿದು ನೋಡ್ತೀನಿ."

ಅವಳು ಲೋಟವನ್ನು ನನ್ನ ಕೈಗೆ ಸಿಗದಂತೆ ಆಚೆಗೆ ಹಿಡಿದಳು. ಒಂದು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. "ಪುಕ್ಕಲಿ" ಎಂದು, ಗಟಗಟ ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ಕೇಳಿದಳು.